ಬಟನ್ ಟೈರಾ, ಎ/ಟಿ ಟೈರಾ? ಒಂದೇ ಪಿಕಪ್‌ನಲ್ಲಿ ಐದು ಮಳೆಗಾಲ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ನಮ್ಮ ಕಾಫಿ ತೋಟಕ್ಕೆ ಟಾರ್ ರಸ್ತೆ ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಮೊದಲ ಒಂದೂವರೆ ಕಿಲೋಮೀಟರ್‌ಗೆ ಜಲ್ಲಿ ಬಿದ್ದಿದೆ, ಆಲ್ಟೊ ಕೂಡ ಬರುತ್ತದೆ. ಕೊನೆಯ ಅರ್ಧ ಕಿಲೋಮೀಟರ್ ಬೇರೆಯೇ ಕತೆ. ಮೊದಲು ಗದ್ದೆ ಬದಿಯ ಜೇಡಿ ಮಣ್ಣು, ಆಮೇಲೆ ಕೆಮ್ಮಣ್ಣಿನ ಏರು, ಏರಿನ ತುದಿಯಲ್ಲಿ ಕಣ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ನೆಂಟರು ಜಲ್ಲಿ ಮುಗಿಯುವಲ್ಲೇ ಕಾರು ನಿಲ್ಲಿಸಿ ಫೋನ್ ಮಾಡುತ್ತಾರೆ. ಹೋಗಿ ಕರೆದುಕೊಂಡು ಬರುವುದು ನನ್ನ ಬೊಲೆರೊ ಕ್ಯಾಂಪರ್. ಡಬಲ್ ಕ್ಯಾಬಿನ್, ಫೋರ್ ವೀಲ್ ಡ್ರೈವ್, ಟೈರ್ ಅಳತೆ 235/75 ಆರ್15.

ಈ ಗಾಡಿಗೆ 2021ರ ಮೇ ತಿಂಗಳಲ್ಲಿ ಮಡ್ ಟೆರೇನ್ ಹಾಕಿಸಿದೆ. ನಮ್ಮ ಕಡೆ ಬಟನ್ ಟೈರ್ ಅನ್ನುವುದು ಇದನ್ನೇ. ಮೂರು ಮಳೆಗಾಲ, 31 ಸಾವಿರ ಕಿಲೋಮೀಟರ್ ಓಡಿಸಿದೆ. 2023ರ ಅಕ್ಟೋಬರ್‌ನಲ್ಲಿ ಅವನ್ನು ತೆಗೆದು ಆಲ್ ಟೆರೇನ್, ಅಂದರೆ ಎ/ಟಿ ಹಾಕಿಸಿದೆ. ಅದರಲ್ಲಿ 2024 ಮತ್ತು 2025ರ ಮಳೆ ಕಳೆದಿದೆ. ಅದೇ ಗಾಡಿ, ಅದೇ ದಾರಿ, ಓಡಿಸಿದ್ದೂ ನಾನೇ. ಹಾಗಾಗಿ ಹೋಲಿಸಿ ಹೇಳುವ ಧೈರ್ಯ ಮಾಡುತ್ತಿದ್ದೇನೆ. ಬ್ರಾಂಡ್ ಹೆಸರು ಹೇಳುವುದಿಲ್ಲ. ಹೇಳಬೇಕಾದದ್ದು ಟೈರಿನ ಜಾತಿಯ ಬಗ್ಗೆ, ಕಂಪನಿಯ ಬಗ್ಗೆ ಅಲ್ಲ.

ಬಟನ್ ಟೈರ್ ಯಾಕೆ ಹಾಕಿಸಿದೆ ಅಂದರೆ, ನಿಜ ಹೇಳಿಬಿಡುತ್ತೇನೆ, ಅರ್ಧ ಕಾರಣ ನೋಟ. ಹಾಕಿಸಿಕೊಂಡು ಬಂದ ದಿನ ಗಾಡಿ ಎರಡು ಇಂಚು ಎದೆ ಉಬ್ಬಿಸಿ ನಿಂತ ಹಾಗೆ ಕಾಣುತ್ತಿತ್ತು. ಇನ್ನರ್ಧ ಕಾರಣ ಆ ಗದ್ದೆ ಬದಿ.

ಕೆಸರಿನಿಂದಲೇ ಶುರು ಮಾಡೋಣ. ಗದ್ದೆ ಬದಿಯ ಜೇಡಿಯಲ್ಲಿ ಬಟನ್ ಟೈರೇ ರಾಜ. ಇದರಲ್ಲಿ ಚರ್ಚೆಯೇ ಇಲ್ಲ. ಅದರ ಮೈಮೇಲಿನ ರಬ್ಬರ್ ಗಟ್ಟಿಗಳು ದೊಡ್ಡವು, ನಡುವಿನ ಸಂದು ಅಗಲ ಮತ್ತು ಆಳ. ಸಂದಿಗೆ ಸಿಕ್ಕಿದ ಮಣ್ಣು ಚಕ್ರ ಸ್ವಲ್ಪ ಜೋರಾಗಿ ತಿರುಗಿದ ಕೂಡಲೇ ಹಾರಿ ಹೋಗುತ್ತದೆ. ಮುಂದಿನ ಸುತ್ತಿಗೆ ಟೈರ್ ಮತ್ತೆ ಖಾಲಿ ಬಾಯಿ ತೆರೆದುಕೊಂಡು ಮಣ್ಣು ಕಚ್ಚುತ್ತದೆ. ಆ ಮೂರು ಮಳೆಗಾಲದಲ್ಲಿ ಗದ್ದೆ ಬದಿಯಲ್ಲಿ ನಾನು ಹೂತುಹೋದದ್ದು ಒಂದೇ ಸಲ. ಅದೂ ಎಡಗಡೆಯ ಎರಡು ಚಕ್ರ ಚರಂಡಿಗೆ ಇಳಿದಾಗ. ಎರಡೂ ಬದಿಯ ಚಕ್ರವನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಶಿಯಲ್ ಲಾಕ್ ನನ್ನ ಗಾಡಿಗೆ ಇಲ್ಲ. ಹಿಡಿತ ಇಲ್ಲದ ಚಕ್ರ ಸುಮ್ನೆ ತಿರುಗುತ್ತಾ ಕೂರುತ್ತದೆ, ಆಗ ಯಾವ ಟೈರ್ ಇದ್ದರೂ ಅಷ್ಟೇ.

ಎ/ಟಿ ಹಾಕಿಸಿದ ಮೇಲೆ ಬಂದ ಮೊದಲ ಮಳೆಗಾಲದಲ್ಲಿ, ಅಂದರೆ 2024ರಲ್ಲಿ, ಅದೇ ಜಾಗದಲ್ಲಿ ನಾಲ್ಕು ಸಲ ನಿಂತೆ. ಎ/ಟಿಯ ಗಟ್ಟಿಗಳು ಒತ್ತೊತ್ತಾಗಿ ಇರುತ್ತವೆ. ಜೇಡಿ ಮಣ್ಣು ಸಂದಿಗೆ ತುಂಬಿಕೊಂಡರೆ ಬಿಡುವುದಿಲ್ಲ. ಎರಡು ಸುತ್ತು ತಿರುಗುವಷ್ಟರಲ್ಲಿ ಟೈರ್ ಹೋಗಿ ಕಡುಬು ಆಗಿರುತ್ತದೆ. ನುಣ್ಣಗೆ, ಕೆಂಪಗೆ, ಸುತ್ತಲೂ ಮೆತ್ತಿಕೊಂಡು. ಮೊದಲ ಸಲ ಇಳಿದು ನೋಡಿದಾಗ ಟೈರಿನ ಡಿಸೈನೇ ಕಾಣಲಿಲ್ಲ. ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಯಿತು.

ಆದರೆ ಕೆಮ್ಮಣ್ಣಿನ ಏರಿನಲ್ಲಿ ನಾನು ಅಂದುಕೊಂಡಷ್ಟು ವ್ಯತ್ಯಾಸ ಇರಲಿಲ್ಲ. ಇದು ನನಗೇ ಆಶ್ಚರ್ಯ. ಅಲ್ಲಿ ಕೆಸರು ಎರಡು ಮೂರು ಇಂಚು ಅಷ್ಟೇ, ಕೆಳಗೆ ಗಟ್ಟಿ ನೆಲ. ಲೋ ಗೇರಿಗೆ ಹಾಕಿ, ಆಕ್ಸಿಲರೇಟರ್ ಮೇಲೆ ಕಾಲು ಅಲ್ಲಾಡಿಸದೆ ಒಂದೇ ಸಮ ಹತ್ತಿದರೆ ಎ/ಟಿಯೂ ಹತ್ತುತ್ತದೆ. ಬಟನ್ ಟೈರಿನಲ್ಲಿ ನಾನು ಒರಟೊರಟಾಗಿ ಹತ್ತಿಸುತ್ತಿದ್ದೆ. ಎ/ಟಿ ಬಂದ ಮೇಲೆ ಓಡಿಸುವುದು ಸ್ವಲ್ಪ ಕಲಿತೆ ಅನ್ನಿ.

ಇದನ್ನು ಚಿಕ್ಕಪ್ಪನ ಹತ್ತಿರ ಹೇಳಿದಾಗ ಅವರು ನಕ್ಕರು. ಅವರದ್ದು ಹಳೆಯ ಮಹೀಂದ್ರ ಜೀಪ್, 6.00-16 ಅಳತೆಯ ಸಣ್ಣ ಟೈರ್. “ಅಗಲ ಟೈರ್ ಕೆಸರಿನ ಮೇಲೆ ತೇಲುತ್ತೆ ಕಣೋ, ಸಣ್ಣ ಟೈರ್ ಕೆಸರು ಸೀಳ್ಕೊಂಡು ನೆಲ ಮುಟ್ಟುತ್ತೆ” ಅಂದರು. ನಮ್ಮ ಮಣ್ಣಿಗೆ ಆ ಮಾತು ನಿಜ. ತಳ ಸಿಗದ ಕೆಸರಾದರೆ ಅಗಲ ಟೈರ್ ಬೇಕು. ಮಲೆನಾಡಿನ ಏರುಗಳಲ್ಲಿ ಸಾಮಾನ್ಯವಾಗಿ ತಳ ಸಿಗುತ್ತದೆ. ಬಟನ್ ಟೈರ್ ಜೊತೆಗೆ ಇನ್ನೂ ಅಗಲದ ಸೈಜ್ ಹಾಕಿಸುವವರು ಇದನ್ನು ಒಮ್ಮೆ ಯೋಚಿಸಿ.

ಇನ್ನು ಟಾರ್ ರಸ್ತೆ. ನಾನು ಮನಸ್ಸು ಬದಲಾಯಿಸಿದ್ದು ಇಲ್ಲಿ.

ಒದ್ದೆ ಟಾರಿನ ಮೇಲೆ ಬಟನ್ ಟೈರ್ ಚೆನ್ನಾಗಿಲ್ಲ. ಸಂದು ಜಾಸ್ತಿ ಇದೆ ಅಂದರೆ ರಸ್ತೆಗೆ ತಾಗುವ ರಬ್ಬರ್ ಕಡಿಮೆ ಅಂತ ಅರ್ಥ. ಎ/ಟಿಯ ಗಟ್ಟಿಗಳ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳು ತುಂಬ ಇರುತ್ತವೆ. ನೀರಿನ ತೆಳು ಪದರವನ್ನು ಮುರಿದು ರಸ್ತೆ ಹಿಡಿಯುವುದು ಅವೇ. ಬಟನ್ ಟೈರಿನಲ್ಲಿ ಅವು ಇದ್ದರೂ ಬೆರಳೆಣಿಕೆ. ಮೇಲಾಗಿ ಎತ್ತರದ ಗಟ್ಟಿಗಳು ಬ್ರೇಕ್ ಹಾಕಿದಾಗ, ತಿರುವಿನಲ್ಲಿ ವಾಲಿದಾಗ ತಾವೇ ಬಾಗುತ್ತವೆ. ಸ್ಟೀರಿಂಗ್ ತಿರುಗಿಸಿದ್ದಕ್ಕೂ ಗಾಡಿ ತಿರುಗುವುದಕ್ಕೂ ನಡುವೆ ಒಂದು ಸಣ್ಣ ಯೋಚನೆ ಇರುತ್ತದೆ.

2022ರ ಆಗಸ್ಟ್‌ನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುತ್ತಿದ್ದೆ. ಮಳೆ, ಮಂಜು, ಹಿಂದಿನ ಟ್ರೇ ಖಾಲಿ. ವೇಗ ಮೂವತ್ತೂ ಇರಲಿಲ್ಲ. ಒಂದು ತಿರುವಿನಲ್ಲಿ ಬ್ರೇಕ್ ಮುಟ್ಟಿದ ಕೂಡಲೇ ಹಿಂಭಾಗ ಹೊರಗೆ ಜಾರಿತು. ತಡೆಗೋಡೆಗೆ ಒಂದು ಮೊಳ ಇರುವಾಗ ನಿಂತೆ. ಪಕ್ಕದಲ್ಲಿ ಹೆಂಡತಿ ಇದ್ದಳು. ಅವಳು ಏನೂ ಹೇಳಲಿಲ್ಲ, ಅದೇ ಜಾಸ್ತಿ ಹೆದರಿಕೆ ಆಯಿತು. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ, ಕೆಳಗೆ ಗಡುಸಾದ ಪಟ್ಟಾ ಸ್ಪ್ರಿಂಗ್. ಅದಕ್ಕೆ ಈ ಟೈರ್ ಸೇರಿದರೆ ಘಾಟಿಯಲ್ಲಿ ಕಷ್ಟ. ಫೋರ್ ವೀಲ್ ಇದೆಯಲ್ಲ ಅನ್ನಬೇಡಿ. ಅದು ಹತ್ತಿಸುತ್ತದೆ, ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಟೈರು.

ಟೈರ್ ಬದಲಾಯಿಸುವ ವಾರ ಒಂದು ಹುಚ್ಚು ಪರೀಕ್ಷೆಯನ್ನೂ ಮಾಡಿದೆ. ನಮ್ಮೂರ ಹತ್ತಿರ ಓಡಾಟ ಇಲ್ಲದ ನೇರ ರಸ್ತೆ ಇದೆ. ಸಂಜೆ ಮಳೆ ಬಂದು ರಸ್ತೆ ತೊಯ್ದಿದ್ದಾಗ 50ರ ವೇಗದಲ್ಲಿ ಬಂದು ಒಂದು ಲೈಟ್ ಕಂಬದ ನೇರಕ್ಕೆ ಬ್ರೇಕ್ ಒತ್ತಿದೆ. ಗಾಡಿ ನಿಂತ ಮೇಲೆ ಹೆಜ್ಜೆ ಎಣಿಸಿದೆ. ಬಟನ್ ಟೈರಿನಲ್ಲಿ 31 ಹೆಜ್ಜೆ. ನಾಲ್ಕು ದಿನದ ನಂತರ ಎ/ಟಿಯಲ್ಲಿ, ಅದೇ ಕಂಬ, 24 ಹೆಜ್ಜೆ. ಒಂದು ಮಾತು ಮುಚ್ಚಿಡಬಾರದು: ಬಟನ್ ಟೈರ್ ಸವೆದಿತ್ತು, ಎ/ಟಿ ಹೊಸದು. ಪೂರ್ತಿ ನ್ಯಾಯದ ಪರೀಕ್ಷೆ ಅಲ್ಲ. ಆದರೂ ಏಳು ಹೆಜ್ಜೆ ಅಂದರೆ ಒಂದು ಗಾಡಿಗಿಂತ ಜಾಸ್ತಿ ಉದ್ದ.

2024ರ ಜುಲೈನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ಮಂಗಳೂರಿನ ಆಸ್ಪತ್ರೆಗೆ ಅದೇ ಚಾರ್ಮಾಡಿಯಲ್ಲಿ ಇಳಿಯಬೇಕಾಯಿತು. ಎ/ಟಿಯಲ್ಲಿ ಕೈ ಬಿಗಿ ಹಿಡಿಯದೆ ಇಳಿದೆ. ಅವತ್ತು ಹೆಂಡತಿ ಕೊಟ್ಟಿಗೆಹಾರ ದಾಟಿದ ಮೇಲೆ ನಿದ್ದೆ ಮಾಡಿದಳು.

ಮಲೆನಾಡಿನವರಿಗೆ ಇನ್ನೊಂದು ರಸ್ತೆ ಗೊತ್ತಿರುತ್ತದೆ. ಮರದ ನೆರಳಿನ ಕಾಂಕ್ರೀಟ್ ರಸ್ತೆ. ಮಳೆ ಹಿಡಿದು ಎರಡು ತಿಂಗಳಾದರೆ ಅದರ ಮೇಲೆ ಹಸಿರು ಪಾಚಿ. ನಡೆಯುವವರೇ ಜಾರಿ ಬೀಳುತ್ತಾರೆ. ಅಲ್ಲಿ ಬಟನ್ ಟೈರ್ ಸೋಪಿನ ಮೇಲೆ ನಿಂತ ಹಾಗೆ. ಕಚ್ಚಲು ಮಣ್ಣಿಲ್ಲ, ಅಂಟಲು ರಬ್ಬರ್ ಸಾಲದು. ಎ/ಟಿಯೂ ಜಾರುತ್ತದೆ, ಆದರೆ ಮೊದಲೇ ಸೂಚನೆ ಕೊಟ್ಟು ಜಾರುತ್ತದೆ. ಇಬ್ಬರೂ ಇಲ್ಲಿ ಪಾಸಾಗುವುದಿಲ್ಲ, ಒಬ್ಬ ಸ್ವಲ್ಪ ಕಡಿಮೆ ಫೇಲು.

ಉಳಿದವನ್ನು ಬೇಗ ಹೇಳುತ್ತೇನೆ. ಬಟನ್ ಟೈರಿನ ಸದ್ದು: 40 ದಾಟಿದರೆ ಗುಂಯ್ ಶುರು, 70ಕ್ಕೆ ರೇಡಿಯೊ ದಂಡ. ಸವೆದಷ್ಟೂ ಜೋರಾಗುತ್ತದೆ. ಡೀಸೆಲ್: ಬಟನ್‌ನಲ್ಲಿ ಲೀಟರಿಗೆ ಹತ್ತೂವರೆ ಕಿಲೋಮೀಟರ್ ಬರುತ್ತಿತ್ತು, ಎ/ಟಿಯಲ್ಲಿ ಹನ್ನೆರಡರ ಹತ್ತಿರ. ಭಾರವಾದ ಟೈರು, ಉರುಳಲು ಜಾಸ್ತಿ ಬಲ ಬೇಕು, ಅಷ್ಟೇ ವಿಷಯ. ಬಾಳಿಕೆ: ಬಟನ್ ಸೆಟ್ 31 ಸಾವಿರಕ್ಕೆ ಕೆಸರಿಗೆ ಕೆಲಸಕ್ಕೆ ಬಾರದಷ್ಟು ಸವೆದಿತ್ತು. ಎ/ಟಿ ಈಗ 27 ಸಾವಿರ ಆಗಿದೆ, ಇನ್ನೂ ಅರ್ಧ ಇದೆ. ಎರಡನ್ನೂ 8 ಸಾವಿರಕ್ಕೊಮ್ಮೆ ಹಿಂದೆ ಮುಂದೆ ಬದಲಾಯಿಸಿದ್ದೇನೆ. ಬಟನ್‌ನಲ್ಲಿ ಇದನ್ನು ತಪ್ಪಿಸಿದರೆ ಗಟ್ಟಿಗಳು ಏರುಪೇರಾಗಿ ಸವೆದು ಸ್ಟೀರಿಂಗ್ ನಡುಗಲು ಶುರುವಾಗುತ್ತದೆ.

ಬಟನ್ ಟೈರಿಗೆ ಪೂರ್ತಿ ಅಂಕ ಕೊಡಬೇಕಾದ ಇನ್ನೊಂದು ವಿಷಯ ಪಕ್ಕೆಯ ಗಟ್ಟಿತನ. ತೋಟದಲ್ಲಿ ಟೈರಿನ ಶತ್ರು ಕಲ್ಲಲ್ಲ, ಕತ್ತರಿಸಿ ಬಿಟ್ಟ ಕಾಫಿ ಬೊಡ್ಡೆ. ಓರೆಯಾಗಿ ಕತ್ತರಿಸಿದ್ದರೆ ಉಳಿಯ ಹಾಗೆ ಇರುತ್ತದೆ. ಬಟನ್ ಟೈರ್ ಎಷ್ಟೋ ಸಲ ಉಜ್ಜಿಕೊಂಡು ಹೋಗಿದೆ, ಗೀರು ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಎ/ಟಿಯ ಒಂದು ಪಕ್ಕೆ ಹೋದ ಚಳಿಗಾಲ ಎರಡು ಇಂಚು ಸೀಳಿತು. ಪಕ್ಕೆ ಸೀಳಿದರೆ ಪಂಕ್ಚರ್ ಅಂಗಡಿಯವನು ಕೈ ಮುಗಿಯುತ್ತಾನೆ, ಹೊಸದೇ ತರಬೇಕು.

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಗಾಡಿ ವರ್ಷಕ್ಕೆ ಸುಮಾರು 13 ಸಾವಿರ ಕಿಲೋಮೀಟರ್ ಓಡುತ್ತದೆ. ಅದರಲ್ಲಿ ನಿಜವಾದ ಕೆಸರು ಎಷ್ಟು? ಅರ್ಧ ಕಿಲೋಮೀಟರ್ ಹೋಗಿ ಬಂದರೆ ಒಂದು. ದಿನಕ್ಕೆ ಎರಡು ಸಲ, ನಾಲ್ಕು ತಿಂಗಳು. 240 ಕಿಲೋಮೀಟರ್! ಇನ್ನೊಂದು ತಮಾಷೆ ಏನೆಂದರೆ, ಗಾಡಿಗೆ ನಿಜವಾದ ಭಾರ ಬೀಳುವುದು ಕೊಯ್ಲಿನಲ್ಲಿ. ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ. ಆಗ ಅದೇ ಏರಿನಲ್ಲಿ ಕೆಂಪು ಧೂಳು ಏಳುತ್ತಿರುತ್ತದೆ. ಮಳೆಗಾಲದಲ್ಲಿ ಹೋಗುವುದು ಆಳುಗಳು, ಒಂದಿಷ್ಟು ಗೊಬ್ಬರದ ಮೂಟೆ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಡ್ರಮ್ಮು. 240 ಕಿಲೋಮೀಟರ್‌ಗೋಸ್ಕರ ಉಳಿದ ಹನ್ನೆರಡು ಸಾವಿರ ಚಿಲ್ಲರೆ ಕಿಲೋಮೀಟರ್ ಗುಂಯ್ ಅನ್ನಿಸಿಕೊಂಡು, ಘಾಟಿಯಲ್ಲಿ ಜೀವ ಕೈಯಲ್ಲಿ ಹಿಡಿದು ಓಡಿಸುತ್ತಿದ್ದೆ.

ಆದರೆ ಆ 240 ಕಿಲೋಮೀಟರ್ ಇಲ್ಲದೆ ಮನೆ ಸೇರುವ ಹಾಗಿಲ್ಲ, ಅಲ್ವಾ? ಅದಕ್ಕೆ ಉತ್ತರ ಚಿಕ್ಕಪ್ಪನ ಶೆಡ್ಡಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಚೈನು. ನಮ್ಮ ಕಡೆ ಜೀಪಿನವರು ಮಳೆಗಾಲದಲ್ಲಿ ಚಕ್ರಕ್ಕೆ ಚೈನ್ ಸುತ್ತುವುದು ಹೊಸದೇನಲ್ಲ. ನಾನೇ ಮರೆತಿದ್ದೆ. ಅವರದ್ದು ನನ್ನ ಟೈರಿಗೆ ಕೂರಲಿಲ್ಲ, ಅಗಲ ಸಾಲಲಿಲ್ಲ. ಅಳತೆ ಕೊಟ್ಟು ಹಿಂದಿನ ಎರಡು ಚಕ್ರಕ್ಕೆ ಮಾಡಿಸಿಕೊಂಡೆ. 2025ರ ಮಳೆಗಾಲ ಪೂರ್ತಿ ಎ/ಟಿ ಮೇಲೆ ಚೈನ್. ಗದ್ದೆ ಬದಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಹೇಳಬೇಕೆಂದರೆ ಬಟನ್ ಟೈರಿಗಿಂತ ಚೆನ್ನಾಗಿ ಹೋಯಿತು. ಪಾಚಿ ಕಾಂಕ್ರೀಟಿನಲ್ಲೂ ನಿಧಾನಕ್ಕೆ ಹೋದರೆ ಚೈನೇ ಹಿಡಿಯುತ್ತದೆ.

ಚೈನಿನ ತೊಂದರೆ ಸೋಮಾರಿಗಳಿಗೆ ಗೊತ್ತು. ಮಳೆಯಲ್ಲಿ ಮಂಡಿಯೂರಿ ಕಟ್ಟಬೇಕು, ಟಾರ್ ಬಂದ ಕೂಡಲೇ ಬಿಚ್ಚಬೇಕು. ಬಿಚ್ಚದೆ ಓಡಿಸಿದರೆ ಟೈರೂ ಹಾಳು, ರಸ್ತೆಯೂ ಹಾಳು. ಸಡಿಲ ಇದ್ದರೆ ಸ್ಪ್ರಿಂಗಿಗೋ ಬ್ರೇಕ್ ಪೈಪಿಗೋ ಬಡಿಯುತ್ತದೆ. ನನಗೆ ಈಗ ಎರಡೂ ಕಡೆ ಕಟ್ಟಲು ಹನ್ನೆರಡು ನಿಮಿಷ ಬೇಕು. ಮೊದಲ ದಿನ ಮುಕ್ಕಾಲು ಗಂಟೆ ಆಗಿತ್ತು. ಬಿಸಿಲು ಬಿದ್ದ ದಿನ ಚೈನ್ ಬೇಡ ಅನ್ನಿಸಿದರೆ ಗಾಳಿ ಇಳಿಸುತ್ತೇನೆ. ಖಾಲಿ ಗಾಡಿಯಲ್ಲಿ 35 ಪಿಎಸ್‌ಐ ಇದ್ದದ್ದನ್ನು 22ಕ್ಕೆ. ಟೈರ್ ಚಪ್ಪಟೆಯಾಗಿ ನೆಲ ಜಾಸ್ತಿ ಹಿಡಿಯುತ್ತದೆ. ಲೋಡ್ ಇದ್ದಾಗ ಇದನ್ನು ಮಾಡಲೇಬೇಡಿ. ಮತ್ತೆ ತುಂಬಲು ಬ್ಯಾಟರಿಗೆ ಹಾಕುವ 12 ವೋಲ್ಟಿನ ಸಣ್ಣ ಕಂಪ್ರೆಸರ್ ಜೊತೆಗೇ ಇರಬೇಕು.

ಹಾಗಾದರೆ ಬಟನ್ ಟೈರ್ ಯಾರಿಗೆ? ಗಾಡಿ ತೋಟ ಬಿಟ್ಟು ಹೊರಗೆ ಹೋಗುವುದೇ ಇಲ್ಲ ಅನ್ನುವವರಿಗೆ. ದಿನಕ್ಕೆ ಹತ್ತು ಸಲ ಕೆಸರು ದಾಟುವವರಿಗೆ, ಅಷ್ಟು ಸಲ ಚೈನ್ ಕಟ್ಟಿ ಬಿಚ್ಚುವುದು ಆಗದ ಮಾತು. ಪೇಟೆಗೆ, ಆಸ್ಪತ್ರೆಗೆ, ಮದುವೆಗೆ ಬೇರೆ ಕಾರು ಇರುವವರಿಗೆ. ನನ್ನ ಹಾಗೆ ಎಲ್ಲದಕ್ಕೂ ಒಂದೇ ಗಾಡಿ ಇರುವವರು ಎ/ಟಿ ಹಾಕಿಸಿ, ಉಳಿದ ದುಡ್ಡಿನಲ್ಲಿ ಚೈನ್ ಮಾಡಿಸಿ. ನನಗೆ ಬಟನ್ ಒಂದಕ್ಕೆ ಎರಡೂವರೆ ಸಾವಿರ ಜಾಸ್ತಿ ಬಿದ್ದಿತ್ತು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ, ಹಳೆಯ ರೇಟ್ ಹೇಳಿದರೆ ಕೇಳಿ. ಪಕ್ಕೆಯ ಮೇಲಿನ ನಾಲ್ಕು ಅಂಕಿಯನ್ನೂ ನೋಡಿ. 2325 ಅಂತ ಇದ್ದರೆ 2025ರ 23ನೇ ವಾರ ತಯಾರಾದದ್ದು. ಅಳತೆಯ ಪಕ್ಕದ ಅಂಕಿ ಭಾರದ್ದು: 104 ಅಂದರೆ ಒಂದು ಟೈರ್ 900 ಕೆ.ಜಿ. ಹೊರುತ್ತದೆ, 105 ಅಂದರೆ 925. ಪಿಕಪ್‌ಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದ್ದು ಬೇಡ.

ಸವೆದ ಬಟನ್ ಟೈರುಗಳಲ್ಲಿ ಮೂರು ತೋಟದ ಟ್ರೈಲರ್ ಇಟ್ಟುಕೊಂಡವರೊಬ್ಬರಿಗೆ ಹೋದವು. ಒಂದನ್ನು ಸ್ಟೆಪ್ನಿಗೆ ಇಟ್ಟುಕೊಂಡೆ. ಬೇರೆ ಜಾತಿಯ ಟೈರ್ ಒಂದು ಚಕ್ರಕ್ಕೆ ಹಾಕಿಕೊಂಡು ಫೋರ್ ವೀಲ್ ಹಾಕಬಾರದು, ಸುತ್ತಳತೆ ಹೊಂದದೆ ಗೇರಿಗೆ ಪೆಟ್ಟು ಬೀಳುತ್ತದೆ. ಮನೆ ಮುಟ್ಟಲು ಮಾತ್ರ ಅದು. ಆ ಎ/ಟಿಯ ಪಕ್ಕೆ ಸೀಳಿದ ದಿನ ಅದನ್ನೇ ಹಾಕಿಕೊಂಡು ಸಕಲೇಶಪುರಕ್ಕೆ ಹೋದೆ. ಹಿಂದಿನ ಎಡ ಮೂಲೆಯಿಂದ ಮಾತ್ರ ಗುಂಯ್ ಅನ್ನುತ್ತಿತ್ತು. ಗೇಟಿನ ಹತ್ತಿರ ನಿಂತಿದ್ದ, ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಕಿವಿ ಕೊಟ್ಟು ಕೇಳಿ, “ಹಳೇ ಟೈರ್ ವಾಪಸ್ ಬಂತಾ ಅಣ್ಣ?” ಅಂದ. “ಕಾಲು ಭಾಗ ಬಂತು” ಅಂದೆ.