ಕಾನ್ಸೆಪ್ಟ್2 ರೋಎರ್ಗ್‌ನ ಹ್ಯಾಂಡಲ್: ಕೈಗೆ ಎಷ್ಟು ಹಿತ, ಎಷ್ಟು ಬಾಳಿಕೆ?

ದೋಣಿಯ ಹುಟ್ಟು ಹಾಕುವಂತೆ ಕುಳಿತು ಹಿಡಿಯನ್ನು ಎಳೆಯುವ ರೋಯಿಂಗ್ ಮಷಿನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಅದರ ಪರದೆ ಹೇಗಿದೆ, ಶಬ್ದ ಎಷ್ಟು, ಎತ್ತಿ ಮೂಲೆಯಲ್ಲಿ ಇಡಬಹುದೇ ಎಂದು ವಿಚಾರಿಸುತ್ತಾರೆ. ಹ್ಯಾಂಡಲ್ ಬಗ್ಗೆ ಕೇಳುವವರು ಕಡಿಮೆ. ಆದರೆ ಅಭ್ಯಾಸದ ಉದ್ದಕ್ಕೂ ಕೈಗಳು ಬಿಡದೆ ಹಿಡಿದಿರುವ ಭಾಗ ಅದೊಂದೇ. ನಿಮಿಷಕ್ಕೆ 24 ಎಳೆತದಂತೆ ಅರ್ಧ ಗಂಟೆ ಕುಳಿತರೆ 720 ಎಳೆತಗಳಾಗುತ್ತವೆ. ವಾರಕ್ಕೆ ನಾಲ್ಕು ದಿನ ಎಂದು ಲೆಕ್ಕ ಹಿಡಿದರೆ ಆರು ತಿಂಗಳಲ್ಲಿ ಹತ್ತಿರ ಹತ್ತಿರ 75 ಸಾವಿರ ಸಲ ಅದೇ ಹಿಡಿ ಅದೇ ಬೆರಳುಗಳ ಬುಡವನ್ನು ಒತ್ತಿರುತ್ತದೆ. ಕಾಲಿನಲ್ಲೂ ಉಸಿರಿನಲ್ಲೂ ಇನ್ನೂ ಶಕ್ತಿ ಉಳಿದಿರುವಾಗ, ಅಂಗೈ ಉರಿಯುತ್ತಿದೆ ಎಂಬ ಒಂದೇ ಕಾರಣಕ್ಕೆ ಎದ್ದುಹೋಗುವವರನ್ನು ಜಿಮ್‌ಗಳಲ್ಲಿ ನೋಡುತ್ತಲೇ ಇರುತ್ತೇನೆ. ಆದ್ದರಿಂದ ಕಾನ್ಸೆಪ್ಟ್2 ಕಂಪನಿಯ ರೋಎರ್ಗ್‌ನ ಈ ವಿಮರ್ಶೆಯಲ್ಲಿ ಯಂತ್ರದ ಉಳಿದ ಗುಣಗಳನ್ನು ಪಕ್ಕಕ್ಕಿಟ್ಟು, ಹ್ಯಾಂಡಲ್ ಒಂದನ್ನೇ ನೋಡಿದ್ದೇನೆ.

ಕಾನ್ಸೆಪ್ಟ್2 ಅಮೆರಿಕದ ವರ್ಮಾಂಟ್ ರಾಜ್ಯದ ಕಂಪನಿ. ಡಿಕ್ ಮತ್ತು ಪೀಟ್ ಡ್ರೈಸಿಗ್ಯಾಕರ್ ಎಂಬ ಸಹೋದರರು ಮೊದಲು ದೋಣಿಯ ಹುಟ್ಟುಗಳನ್ನು ತಯಾರಿಸುತ್ತಿದ್ದರು. 1981ರಲ್ಲಿ ಸೈಕಲ್ ಚಕ್ರವನ್ನೇ ಬಳಸಿದ ತಮ್ಮ ಮೊದಲ ರೋಯಿಂಗ್ ಮಷಿನ್ ಹೊರತಂದರು. ಆ ಕಾಲದ ಯಂತ್ರಗಳಲ್ಲಿದ್ದದ್ದು ನೇರವಾದ ಮರದ ಹಿಡಿ. ಮಾಡೆಲ್ ಡಿ ಎಂದು ಜಗತ್ತಿನ ಜಿಮ್‌ಗಳಲ್ಲೆಲ್ಲ ಪರಿಚಿತವಾಗಿ, 2021ರಿಂದ ರೋಎರ್ಗ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವ ಇಂದಿನ ಯಂತ್ರದ ಹ್ಯಾಂಡಲ್ ನೇರವಾಗಿಲ್ಲ. ನಡುವಿನಿಂದ ಎರಡೂ ಕಡೆ ಅದು 10 ಡಿಗ್ರಿಯಷ್ಟು ಬಾಗಿದೆ. ಒಳಗೆ ಗಾಜಿನ ನಾರು ಬೆರೆತ ಗಟ್ಟಿ ನೈಲಾನ್, ಅದರ ಮೇಲೆ ಅಚ್ಚಿನಲ್ಲೇ ಕೂಡಿಕೊಂಡ ರಬ್ಬರ್ ಹೊದಿಕೆ.

ಈ ಬಾಗು ಅಂದಕ್ಕಾಗಿ ಮಾಡಿದ್ದಲ್ಲ ಎಂಬುದು ಎಳೆತದ ಕೊನೆಯ ಹಂತದಲ್ಲಿ ತಿಳಿಯುತ್ತದೆ. ಹ್ಯಾಂಡಲ್ ಎದೆಗೂಡಿನ ಕೆಳಭಾಗಕ್ಕೆ ಬಂದು ಮುಟ್ಟುವಾಗ ಮೊಣಕೈಗಳು ದೇಹದ ಹಿಂದಕ್ಕೆ ಸರಿದಿರುತ್ತವೆ. ನೇರ ಹಿಡಿಯಾದರೆ ಆ ಕ್ಷಣದಲ್ಲಿ ಮಣಿಕಟ್ಟು ಕಿರುಬೆರಳಿನ ಕಡೆಗೆ ವಾಲಬೇಕಾಗುತ್ತದೆ. ಹಿಡಿಯೇ ಬಾಗಿದ್ದರೆ ಮಣಿಕಟ್ಟು ಮುಂಗೈಯ ನೇರದಲ್ಲೇ ಉಳಿಯುತ್ತದೆ. ಒಂದೆರಡು ಎಳೆತದಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ದೀರ್ಘ ಅಭ್ಯಾಸದ ನಂತರ ಮುಂಗೈಯ ಸ್ನಾಯುಗಳು ಬಿಗಿದುಕೊಂಡಿವೆಯೇ ಇಲ್ಲವೇ ಎಂಬುದರಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮುಂಗೈಯ ಸ್ನಾಯುರಜ್ಜುಗಳ ಉರಿಯೂತ ರೋಯಿಂಗ್ ಮಾಡುವವರಲ್ಲಿ ಹೊಸ ಸಮಸ್ಯೆಯಲ್ಲ. ಮೊದಲೇ ಮಣಿಕಟ್ಟಿನ ನೋವಿರುವವರು, ದಿನವಿಡೀ ಕೀಬೋರ್ಡ್ ಮುಂದೆ ಕೆಲಸ ಮಾಡುವವರು, ಈ ಒಂದು ಕಾರಣಕ್ಕಾದರೂ ಬಾಗಿದ ಹಿಡಿಯ ಯಂತ್ರವನ್ನು ಒಮ್ಮೆ ಕುಳಿತು ನೋಡುವುದು ಒಳ್ಳೆಯದು. ನೀರಿನ ತೊಟ್ಟಿಯಿರುವ ವಾಟರ್‌ರೋವರ್ ಯಂತ್ರದ ಹಿಡಿ ಸಾಮಾನ್ಯವಾಗಿ ನೇರ ಮತ್ತು ದುಂಡು. ಆ ಹಿಡಿಗೆ ಕಟ್ಟಿದ ಪಟ್ಟಿ ಮೆತ್ತಗೆ ಸರಿಯುವ ರೀತಿ ನನಗೆ ಬಹಳ ಇಷ್ಟ, ಆದರೆ ಮಣಿಕಟ್ಟಿನ ವಿಷಯಕ್ಕೆ ಬಂದರೆ ನನ್ನ ಆಯ್ಕೆ ಬಾಗಿದ ಹಿಡಿಯೇ.

ಇನ್ನು ಮೃದುತ್ವ. ಅಂಗಡಿಯಲ್ಲಿ ಮೊದಲ ಬಾರಿ ಮುಟ್ಟಿದವರಿಗೆ ರೋಎರ್ಗ್‌ನ ಹಿಡಿ ಗಟ್ಟಿ ಎನಿಸುತ್ತದೆ, ಮತ್ತು ಪಕ್ಕದಲ್ಲೇ ಇಪ್ಪತ್ತು, ಮೂವತ್ತು ಸಾವಿರಕ್ಕೆ ಸಿಗುವ ಮ್ಯಾಗ್ನೆಟಿಕ್ ಯಂತ್ರದ ದಪ್ಪ ಫೋಮ್ ಹಿಡಿ ಅದಕ್ಕಿಂತ ಎಷ್ಟೋ ಹಿತವೆನಿಸುತ್ತದೆ. ಆ ಹಿತವನ್ನು ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಫೋಮ್ ಒತ್ತಿದಷ್ಟೂ ಒಳಗೆ ಜಗ್ಗುತ್ತದೆ. ಹಿಡಿ ಜಗ್ಗಿದಾಗ ಬೆರಳುಗಳು ತಾವಾಗಿಯೇ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಬಿಗಿ ಹೆಚ್ಚಾದಂತೆ ಮುಂಗೈ ಬೇಗ ಸೋಲುತ್ತದೆ. ದಪ್ಪ ಹಿಡಿಯಾದರೆ ಚಿಕ್ಕ ಕೈಯವರ ಬೆರಳು ಪೂರ್ತಿ ಸುತ್ತಿಕೊಳ್ಳುವುದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ ಫೋಮ್ ಬೆವರನ್ನು ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ಬೆಂಗಳೂರಿನ ಒಣ ಹವೆಯಲ್ಲಿ ಅದು ಮರುದಿನದೊಳಗೆ ಆರಬಹುದು. ಮಂಗಳೂರು, ಉಡುಪಿಯ ಕಡೆ ಮಳೆಗಾಲದಲ್ಲಿ ಆರುವ ಮೊದಲೇ ಮುಂದಿನ ಅಭ್ಯಾಸದ ಹೊತ್ತು ಬಂದಿರುತ್ತದೆ. ಕರಾವಳಿಯ ನಮ್ಮ ಬಂಧುಗಳ ಮನೆಯಲ್ಲಿದ್ದ ಅಂಥದೊಂದು ಯಂತ್ರದ ಹಿಡಿಯಲ್ಲಿ ಮೊದಲು ವಾಸನೆ ಬಂತು, ನಂತರ ಬೆರಳು ಕೂರುವ ಜಾಗದಲ್ಲಿ ಸೀಳುಗಳು ಕಾಣಿಸಿದವು, ಕೊನೆಗೆ ಕಪ್ಪು ಚೂರುಗಳು ಕೈಗೆ ಅಂಟತೊಡಗಿದವು. ಯಂತ್ರದ ಉಳಿದ ಭಾಗವೆಲ್ಲ ಚೆನ್ನಾಗಿಯೇ ಇತ್ತು, ಆದರೆ ಹ್ಯಾಂಡಲ್ ಮಾತ್ರ ಬೇರೆಯಾಗಿ ಎಲ್ಲೂ ಸಿಗಲಿಲ್ಲ.

ರಬ್ಬರ್ ಹೊದಿಕೆಯೂ ಸವೆಯುತ್ತದೆ, ಆದರೆ ಸವೆಯುವ ಬಗೆ ಬೇರೆ. ಹಲವರು ದಿನವೂ ಬಳಸುವ ಜಿಮ್‌ಗಳಲ್ಲಿ ರೋಎರ್ಗ್‌ನ ಹಿಡಿಯನ್ನು ಗಮನಿಸಿದರೆ ಮಧ್ಯದ ಬೆರಳುಗಳು ಕೂರುವ ಕಡೆ ಮೇಲ್ಮೈಯ ಒರಟುತನ ಹೋಗಿ ನುಣುಪಾಗಿ ಹೊಳೆಯುವುದನ್ನು ಕಾಣಬಹುದು. ಹಾಗೆ ನುಣುಪಾದ ಹಿಡಿ ಬೆವರಿದ ಕೈಯಲ್ಲಿ ಜಾರುತ್ತದೆ, ಮತ್ತು ಇದೇ ಈ ಹ್ಯಾಂಡಲ್‌ನ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ. ಎಷ್ಟೋ ಸಲ ಹೊಳಪಿಗೆ ಕಾರಣ ಸವೆತವಲ್ಲ, ಕೈಯ ಎಣ್ಣೆ, ಬೆವರಿನ ಉಪ್ಪು ಮತ್ತು ಕ್ರೀಮುಗಳು ಸೇರಿ ಕಟ್ಟಿದ ಪದರ. ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಹಿಡಿತ ಗಣನೀಯವಾಗಿ ಮರಳುತ್ತದೆ. ಬ್ಲೀಚ್ ಬಳಸಬಾರದು. ಪ್ರತಿಯೊಬ್ಬರೂ ಎದ್ದ ಕೂಡಲೇ ತೀಕ್ಷ್ಣವಾದ ಸ್ಯಾನಿಟೈಸರ್ ಸಿಂಪಡಿಸುವ ಪದ್ಧತಿಯೂ ರಬ್ಬರಿಗೆ ಒಳ್ಳೆಯದಲ್ಲ. ಮೃದುವಾದ ಹೊದಿಕೆಗಳು ಕ್ರಮೇಣ ಅಂಟಂಟಾಗುವುದಕ್ಕೆ ಇಂಥ ರಾಸಾಯನಿಕಗಳೂ ಒಂದು ಕಾರಣ.

ಎಳೆದಾಗ ಯಂತ್ರದ ಚಕ್ರ ತಿರುಗಿಸುವ ಸರಪಳಿಗೆ ಹ್ಯಾಂಡಲ್ ಜೋಡಿಸಿರುವುದು ಯು ಆಕಾರದ ಬೋಲ್ಟಿನಿಂದ. ಅದನ್ನು ಬಿಚ್ಚಿ ಹೊಸ ಹ್ಯಾಂಡಲ್ ಹಾಕುವ ಕೆಲಸಕ್ಕೆ ಮೆಕ್ಯಾನಿಕ್ ಬೇಕಾಗುವುದಿಲ್ಲ, ಮತ್ತು ಕಂಪನಿಯು ಹ್ಯಾಂಡಲ್ಲನ್ನು ಬಿಡಿಭಾಗವಾಗಿ ಮಾರುತ್ತದೆ. ಲಕ್ಷ ರೂಪಾಯಿ ದಾಟುವ ಯಂತ್ರಕ್ಕೆ ಹಣ ಹಾಕುವವರಿಗೆ ಇದು ಸಣ್ಣ ಸಂಗತಿಯಲ್ಲ. ಬೋಲ್ಟ್ ಕೂರುವ ರಂಧ್ರ ಸವೆದು ಉದ್ದವಾಗಿದೆಯೇ ಎಂದು ಆಗಾಗ ನೋಡಬೇಕು. ಜೋರಾಗಿ ಎಳೆಯುವಾಗ ಅಲ್ಲಿ ಕಳಚಿಕೊಂಡರೆ ಎಳೆಯುತ್ತಿದ್ದವರು ಹಿಂದಕ್ಕೆ ಬೀಳುತ್ತಾರೆ. ಇದಲ್ಲದೆ ಸರಪಳಿಗೆ ಹಚ್ಚಿದ ಎಣ್ಣೆ ಹಿಡಿಗೆ ತಾಗದಂತೆಯೂ ನೋಡಿಕೊಳ್ಳಬೇಕು. ಎಣ್ಣೆ ಹಚ್ಚಿದ ಬಟ್ಟೆಯಿಂದಲೇ ಹ್ಯಾಂಡಲ್ ಒರೆಸುವುದನ್ನು ಕಂಡಿದ್ದೇನೆ. ಆ ಜಾರಿಕೆ ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ.

ಹೊಸ ಹ್ಯಾಂಡಲ್ ತರಿಸುವಷ್ಟು ಸವೆತವಿಲ್ಲದಿದ್ದರೆ ಬ್ಯಾಡ್ಮಿಂಟನ್ ಅಥವಾ ಟೆನಿಸ್ ರ‍್ಯಾಕೆಟ್‌ಗೆ ಸುತ್ತುವ ಓವರ್‌ಗ್ರಿಪ್ ಸಾಕು. ಕ್ರೀಡಾ ಸಾಮಗ್ರಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ದಪ್ಪವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ, ಕೊಳೆಯಾದಾಗ ಬಿಚ್ಚಿ ಎಸೆಯಬಹುದು. ಹೆಚ್ಚು ಬೆವರುವವರಿಗೆ ಹತ್ತಿಯ ಪಟ್ಟಿ ಇನ್ನೂ ಮೇಲು. ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ಪನ್ನು ಏರಿಸುವವರೂ ಇದ್ದಾರೆ, ಹಿಡಿತ ಚೆನ್ನಾಗಿಯೇ ಇರುತ್ತದೆ, ಆದರೆ ಅದರ ಉಬ್ಬುಗೆರೆಗಳು ಮೃದುವಾದ ಕೈಯನ್ನು ಬೇಗ ಕೆರೆಯುತ್ತವೆ.

ಎಂಥ ಹ್ಯಾಂಡಲ್ ಇದ್ದರೂ ಹಿಡಿಯುವ ರೀತಿ ತಪ್ಪಿದರೆ ಬೊಬ್ಬೆ ತಪ್ಪುವುದಿಲ್ಲ. ಚರ್ಮದ ಮೇಲಿನ ಪದರ ಹಿಡಿಗೆ ಕಚ್ಚಿಕೊಂಡು ನಿಂತಿರುವಾಗ ಒಳಗಿನ ಪದರ ಸರಿದಾಡುವುದರಿಂದ ಬೊಬ್ಬೆ ಏಳುತ್ತದೆ, ಮತ್ತು ಪೂರ್ತಿ ಒಣಗಿದ ಚರ್ಮಕ್ಕಿಂತ ಸ್ವಲ್ಪ ತೇವವಾದ ಚರ್ಮದಲ್ಲಿ ಹೀಗೆ ಕಚ್ಚಿಕೊಳ್ಳುವುದು ಹೆಚ್ಚು. ನೀರು ತುಂಬಿದ ಬಕೆಟ್ಟನ್ನು ಎತ್ತುವಾಗ ಬೆರಳುಗಳು ಕೊಕ್ಕೆಯಾಗಿ ನಿಲ್ಲುವಂತೆ ಇಲ್ಲಿಯೂ ಬೆರಳುಗಳಷ್ಟೇ ಭಾರ ಹೊರಬೇಕು. ಅಂಗೈ ಹಿಡಿಗೆ ಅಂಟಬಾರದು, ಹೆಬ್ಬೆರಳು ಕೆಳಗೆ ಹಗುರವಾಗಿ ತಾಗಿದ್ದರೆ ಸಾಕು. ಕೈಗಳನ್ನು ನಡುವಿಗೆ ತರದೆ ಹಿಡಿಯ ತುದಿಗಳ ಕಡೆಗೆ ಇಟ್ಟರೆ ಭುಜವೂ ಸಡಿಲವಾಗಿರುತ್ತದೆ. ಮುಂದಕ್ಕೆ ಸರಿಯುವಾಗ ಬೆರಳುಗಳನ್ನು ಸಡಿಲಿಸುವುದನ್ನು ರೂಢಿಸಿಕೊಂಡರೆ ಪ್ರತಿ ಎಳೆತದ ನಡುವೆ ರಕ್ತ ಸಂಚಾರಕ್ಕೆ ಅವಕಾಶವಾಗುತ್ತದೆ. ಚಕ್ರದೊಳಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಸನ್ನೆಯಾದ ಡ್ಯಾಂಪರನ್ನು ಗರಿಷ್ಠ ಮಟ್ಟವಾದ 10ಕ್ಕೆ ಏರಿಸಿದರೆ ಒಳ್ಳೆಯ ವ್ಯಾಯಾಮ ಎಂಬ ನಂಬಿಕೆ ನಮ್ಮ ಜಿಮ್‌ಗಳಲ್ಲಿ ಬೇರೂರಿದೆ. ಅದರಿಂದ ಒಂದೊಂದು ಎಳೆತದ ಭಾರ ಹೆಚ್ಚಿ ಬೆರಳುಗಳ ಮೇಲೆ ಬೀಳುತ್ತದೆ. 3ರಿಂದ 5ರ ನಡುವೆ ಇಟ್ಟುಕೊಂಡು ಕಾಲಿನಿಂದ ಜೋರಾಗಿ ತಳ್ಳುವುದೇ ಕೈಗೂ ಒಳ್ಳೆಯದು, ವ್ಯಾಯಾಮಕ್ಕೂ ಒಳ್ಳೆಯದು.

ಕೈಗವಸು ಹಾಕಿಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಭಾರ ಎತ್ತುವವರ ದಪ್ಪ ಗ್ಲೌಸ್ ಇಲ್ಲಿ ಬೇಡ. ಅದು ಹಿಡಿಯ ದಪ್ಪವನ್ನು ಹೆಚ್ಚಿಸುತ್ತದೆ, ಒಳಗೆ ಮಡಿಕೆ ಬಿದ್ದರೆ ಆ ಮಡಿಕೆಯೇ ಹೊಸ ಬೊಬ್ಬೆಗೆ ಕಾರಣವಾಗುತ್ತದೆ. ಉಂಗುರವನ್ನು ತೆಗೆದಿಟ್ಟು ಕುಳಿತುಕೊಳ್ಳಬೇಕು. ಬೊಬ್ಬೆ ಎದ್ದರೆ ಚರ್ಮ ಕೀಳದೆ ತೊಳೆದು ಮುಚ್ಚಿ, ಅದು ಮಾಯುವವರೆಗೆ ರೋಯಿಂಗ್ ಬಿಟ್ಟು ಸೈಕಲ್‌ನಲ್ಲಿ ಅಭ್ಯಾಸ ಮಾಡಬಹುದು. ಕೆಲವು ವಾರಗಳಲ್ಲಿ ಬೆರಳುಗಳ ಬುಡ ತೆಳುವಾಗಿ ಜಡ್ಡುಗಟ್ಟುತ್ತದೆ. ಆ ಜಡ್ಡು ಉಬ್ಬಿ ನಿಲ್ಲಲು ಬಿಡದೆ, ಸ್ನಾನದ ನಂತರ ಚರ್ಮ ಮೆತ್ತಗಿರುವಾಗ ಉಜ್ಜುಗಲ್ಲಿನಿಂದ ಮಟ್ಟ ಮಾಡಿಕೊಳ್ಳಬೇಕು, ಏಕೆಂದರೆ ಉಬ್ಬಿದ ಜಡ್ಡಿನ ಅಂಚು ಹಿಡಿಗೆ ಸಿಕ್ಕಿ ಹರಿದರೆ ಮಾಯಲು ಬೊಬ್ಬೆಗಿಂತ ಹೆಚ್ಚು ದಿನ ಬೇಕಾಗುತ್ತದೆ.