ಮರುಭೂಮಿ ಪ್ರವಾಸಕ್ಕೆ ಮುಂಚೆ ಮಕ್ಕಳಿಗೆ ಯಾವ ಪುಸ್ತಕ? ನನ್ನ ಓಟು ಹೆಜ್ಜೆ ಗುರುತಿನ ಪುಸ್ತಕಕ್ಕೆ

ಸಹಾರಾ ನೋಡಲು ಹೋಗುವುದು ಅಂತ ಗಟ್ಟಿಯಾದ ಮೇಲೆ ಮಕ್ಕಳಿಗಾಗಿ ಬೇರೆ ಬೇರೆ ಥರದ ಪುಸ್ತಕ ತಂದೆವು. ಜಗತ್ತಿನ ಮರುಭೂಮಿಗಳನ್ನೆಲ್ಲ ತುಂಬಿಕೊಂಡ ದಪ್ಪ ಮಾಹಿತಿ ಪುಸ್ತಕ ಒಂದು. ಒಂಟೆ ಮರಿಯ ಜೊತೆ ಹೊರಟ ಹುಡುಗನ ಚಿತ್ರಕಥೆ ಇನ್ನೊಂದು. ಮೂರನೆಯದು ಸಹಾರಾದ ಪ್ರಾಣಿಗಳ ಹೆಜ್ಜೆ ಗುರುತು ಹೇಳಿಕೊಡುವ ತೆಳ್ಳನೆಯ ಪುಸ್ತಕ. ಮಗಳಿಗೆ 9 ವರ್ಷ, ಮಗನಿಗೆ 5. ಇಬ್ಬರಿಗೂ ಮಲಗುವ ಮುಂಚೆ ಒಟ್ಟಿಗೆ ಕೂತು ಓದುವ ಅಭ್ಯಾಸ. ಹೋಗಿ ಬಂದ ಮೇಲೆ ಹೇಳುತ್ತಿದ್ದೇನೆ, ಒಂದೇ ಕೊಳ್ಳುವುದಾದರೆ ಆ ತೆಳ್ಳನೆಯದನ್ನೇ ಕೊಳ್ಳಿ.

ದಪ್ಪ ಪುಸ್ತಕದ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮುದ್ರಣ ಚೆನ್ನಾಗಿದೆ, ಫೋಟೋಗಳು ಸೊಗಸಾಗಿವೆ. ಆದರೆ ನಡುವೆ ಎರಡು ಪುಟ ತುಂಬ ಹರಡಿದ ಒಂದು ಚಿತ್ರವಿದೆ, ಮರುಭೂಮಿಯ ಜೀವಿಗಳು ಅಂತ. ಎಡಗಡೆ ಕೈ ಎತ್ತಿ ನಿಂತ ಹಾಗಿರುವ ಎತ್ತರದ ಸಗ್ವಾರೊ ಕಳ್ಳಿ. ಅದರ ನೆರಳಲ್ಲಿ ಒಂಟೆ. ಒಂಟೆಯ ಕಾಲ ಹತ್ತಿರ ಎದ್ದು ನಿಂತ ಮೀರ್‌ಕ್ಯಾಟ್‌ಗಳು, ಅಂದರೆ ಮುಂಗುಸಿ ಜಾತಿಯ ಪುಟ್ಟ ಪ್ರಾಣಿಗಳು. ಬಲಗಡೆ ಮೈಯೆಲ್ಲ ಮುಳ್ಳಿರುವ ಓತಿಕ್ಯಾತ. ಎಲ್ಲರೂ ಒಂದೇ ಊರಿನವರ ಹಾಗೆ ಅಕ್ಕಪಕ್ಕ!

ನಿಜದಲ್ಲಿ ಇವು ಎಲ್ಲೂ ಹೀಗೆ ಎದುರುಬದುರಾಗುವುದಿಲ್ಲ. ಸಗ್ವಾರೊ ತಾನಾಗಿ ಬೆಳೆಯುವುದು ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೊ ಕಡೆ ಹಬ್ಬಿರುವ ಸೊನೊರಾನ್ ಮರುಭೂಮಿಯಲ್ಲಿ. ಮೀರ್‌ಕ್ಯಾಟ್ ಆಫ್ರಿಕಾದ್ದೇ, ಆದರೆ ದಕ್ಷಿಣದ ಕಲಹರಿ ಕಡೆಯದು, ಸಹಾರಾದಿಂದ ಸಾವಿರಾರು ಕಿಲೋಮೀಟರ್ ದೂರ. ಆ ಮುಳ್ಳು ಓತಿಕ್ಯಾತ ಆಸ್ಟ್ರೇಲಿಯಾದ್ದು. ಪುಸ್ತಕದಲ್ಲಿ ಪ್ರತಿಯೊಂದರ ಹೆಸರಿದೆ, ಯಾವುದು ಎಲ್ಲಿಯದು ಅಂತ ಒಂದು ಸಾಲೂ ಇಲ್ಲ. ಕೊನೆಗೆ ನಾನೇ ಪೆನ್ಸಿಲ್ ಹಿಡಿದು ಒಂದೊಂದರ ಪಕ್ಕ ಖಂಡದ ಹೆಸರು ಬರೆದೆ.

ಬರೆದರೂ ಉಪಯೋಗವಾಗಲಿಲ್ಲ. ಐದು ವರ್ಷದ ಮಗುವಿಗೆ ಚಿತ್ರವೇ ಸತ್ಯ, ಪಕ್ಕದ ಅಕ್ಷರ ಅಲ್ಲ. ಅಲ್ಲಿ ಮರಳ ದಿಬ್ಬ ಕಂಡ ಕೂಡಲೇ ಮಗ ಕೇಳಿದ್ದು, 'ಮೀರ್‌ಕ್ಯಾಟ್ ಎಲ್ಲಿ?' ಅಂತ. ಆಮೇಲೆ ಕಳ್ಳಿ ಎಲ್ಲಿ ಅಂತ. ಅಷ್ಟು ದೊಡ್ಡ ಆಕಾಶ, ಅಷ್ಟು ಮರಳು ಕಣ್ಣ ಮುಂದೆ ಇದ್ದರೂ ಅವನಿಗೆ ಏನೋ ಕಮ್ಮಿಯಾದ ಹಾಗೆ. ಸಹಾರಾ ಒಂದೇ ಸುಮಾರು 90 ಲಕ್ಷ ಚದರ ಕಿಲೋಮೀಟರ್ ಇದೆ. ಅದಕ್ಕೇ ಆದ ಒಂದು ಚಿತ್ರ ಬರೆಯಬಹುದಿತ್ತಲ್ವಾ? ಈ ಥರದ ಪುಸ್ತಕ ಕೊಳ್ಳುವ ಮುಂಚೆ ಪ್ರಾಣಿಗಳ ಪುಟ ಬಿಡಿಸಿ ನೋಡಿ. ಒಂಟೆಯೂ ಸಗ್ವಾರೊ ಕಳ್ಳಿಯೂ ಒಂದೇ ಚಿತ್ರದಲ್ಲಿದ್ದರೆ ವಾಪಸ್ ಇಟ್ಟುಬಿಡಿ.

ಒಂಟೆಯ ಅಧ್ಯಾಯ ಮಾತ್ರ ಅದರಲ್ಲಿ ಚೆನ್ನಾಗಿದೆ. ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು ಅಂತ ಸರಿಯಾಗಿ ವಿವರಿಸಿದ್ದಾರೆ.

ಚಿತ್ರಕಥೆಯನ್ನು ಮಗ ಮತ್ತೆ ಮತ್ತೆ ಓದಿಸಿಕೊಂಡ. ಕಥೆಯಲ್ಲಿ ರಾತ್ರಿಯಾಗುತ್ತಲೇ ಹುಡುಗ ಚಳಿಗೆ ನಡುಗಿ ಕಂಬಳಿ ಹೊದ್ದುಕೊಳ್ಳುತ್ತಾನೆ. ಗಾಳಿಯಲ್ಲಿ ತೇವವಿಲ್ಲ, ಮೋಡವೂ ಇಲ್ಲ, ಅದಕ್ಕೇ ಹಗಲಿನ ಬಿಸಿ ರಾತ್ರಿ ಬೇಗ ಹಾರಿಹೋಗುತ್ತದೆ ಅಂತ ಹೇಳಲು ನನಗೆ ಆ ಪುಟ ಸಾಕಾಯಿತು. ಸ್ವೆಟರ್ ಹಾಕಿಕೊಳ್ಳಲು ಅಲ್ಲಿ ಯಾರೂ ಹಟ ಮಾಡಲಿಲ್ಲ! ಕೊರತೆ ಅಂದರೆ, ಕಥೆಯ ಉದ್ದಕ್ಕೂ ಬರೀ ಮರಳು. ಸಹಾರಾದಲ್ಲಿ ಮರಳಿರುವುದು ಸುಮಾರು ಕಾಲು ಭಾಗ. ಉಳಿದದ್ದು ಜಲ್ಲಿಕಲ್ಲಿನ ಬಯಲು, ಬಂಡೆ, ಬೆಟ್ಟ. ವ್ಯಾನಿನಲ್ಲಿ ಗಂಟೆಗಟ್ಟಲೆ ಕಲ್ಲಿನ ಬಯಲನ್ನೇ ದಾಟುವಾಗ 'ಮರುಭೂಮಿ ಯಾವಾಗ ಬರುತ್ತೆ?' ಅಂತ ಕೇಳಿ ಕೇಳಿ ಸುಸ್ತಾದರು.

ಸ್ಟಿಕರ್ ಪುಸ್ತಕವೂ ಒಂದಿತ್ತು. ವಿಮಾನದಲ್ಲೇ ಖಾಲಿ.

ಇನ್ನು ಹೆಜ್ಜೆ ಗುರುತಿನ ಪುಸ್ತಕ. ಒಂದು ಪುಟಕ್ಕೆ ಒಂದು ಪ್ರಾಣಿ, ಎಲ್ಲ ಸಹಾರಾದವೇ. ಗುರುತುಗಳನ್ನು ನಿಜವಾದ ಅಳತೆಯಲ್ಲೇ ಬರೆದಿದ್ದಾರೆ. ಒಂಟೆಯ ಪುಟದಲ್ಲಿ ಅಗಲವಾದ ಮೆತ್ತನೆ ಪಾದ, ಮುಂದೆ ಎರಡು ಬೆರಳು. ಮಗ ಅದರ ಮೇಲೆ ತನ್ನ ಅಂಗೈ ಇಟ್ಟು ನೋಡಿದ, ಎಲ್ಲೋ ಒಳಗೆ ಮುಳುಗಿಹೋಯಿತು. ಫೆನೆಕ್ ನರಿಯ ಗುರುತು ಸ್ವಲ್ಪ ಮಸುಕು. ಅಚ್ಚಿನ ತಪ್ಪು ಅಂದುಕೊಳ್ಳಬೇಡಿ, ಅದರ ಅಂಗಾಲಿನಲ್ಲೂ ಕೂದಲಿದೆ, ಸುಡುವ ಮರಳು ತಾಗದಿರಲಿ ಅಂತ. ಮರಳೊಳಗೆ ಈಜುವ ಹಾಗೆ ನುಗ್ಗಿ ಮಾಯವಾಗುವ ಹಾವುರಾಣಿ, ಪಕ್ಕಕ್ಕೆ ಸರಿಯುತ್ತಾ ಓರೆ ಗೆರೆಗಳನ್ನು ಬಿಟ್ಟು ಹೋಗುವ ಕೊಂಬಿನ ಹಾವು, ಹಿಂಗಾಲಲ್ಲಿ ಕುಪ್ಪಳಿಸುವ ಇಲಿಯಂಥ ಜರ್ಬೋವಾ, ಎಲ್ಲವೂ ಇವೆ.

ಗಾಳಿ ಏಳುವ ಮುಂಚೆ, ಬೆಳಗಿನ ಓರೆ ಬಿಸಿಲಲ್ಲಿ ಗುರುತು ಹುಡುಕಿ ಅಂತ ಪುಸ್ತಕದಲ್ಲೇ ಬರೆದಿತ್ತು. ಹಾಗೇ ಮಾಡಿದೆವು. ಮಗಳು ದಿಬ್ಬದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಸಣ್ಣ ಚುಕ್ಕೆಗಳ ಸಾಲೊಂದನ್ನು ಬೆರಳಿಂದ ಹಿಂಬಾಲಿಸುತ್ತಾ ಹೋದಳು. ಸಾಲಿನ ಕೊನೆಯಲ್ಲಿ ಕರೀ ಜೀರುಂಡೆ, ಇನ್ನೂ ನಡೆಯುತ್ತಲೇ ಇತ್ತು. ಫೆನೆಕ್ ಕಾಣಲಿಲ್ಲ. ಅದು ರಾತ್ರಿ ಓಡಾಡುವ ಪ್ರಾಣಿ ಅಂತ ಇಬ್ಬರಿಗೂ ಗೊತ್ತಿತ್ತು, ಹಾಗಾಗಿ ಬೇಜಾರೂ ಆಗಲಿಲ್ಲ.

ಈ ಪುಸ್ತಕದಲ್ಲಿ ಕಥೆ ಇಲ್ಲ. ಚಿಕ್ಕ ಮಕ್ಕಳು ಒಬ್ಬರೇ ಓದಿದರೆ ಬೇಗ ಮುಚ್ಚಿಡುತ್ತಾರೆ, ದೊಡ್ಡವರು ಜೊತೆಗೆ ಕೂರಬೇಕು. ನಮ್ಮ ಮನೆಯಲ್ಲಿ ಹೇಗೂ ಕೂರುತ್ತೇವೆ, ನಮಗೆ ಅದು ತೊಂದರೆಯಲ್ಲ. ಬ್ಯಾಗಿನಲ್ಲಿ ಜಾಗವನ್ನೂ ತಿನ್ನುವುದಿಲ್ಲ. ದಪ್ಪ ಪುಸ್ತಕವನ್ನು ಹೊತ್ತುಕೊಂಡು ಹೋಗುವ ಮಾತೇ ಇಲ್ಲ.

ಬಜೆಟ್‌ನಲ್ಲಿ ಎರಡಕ್ಕೆ ಜಾಗವಿದ್ದರೆ, ಆರು ವರ್ಷದೊಳಗಿನ ಮಕ್ಕಳಿಗೆ ಚಿತ್ರಕಥೆಯನ್ನೂ ಸೇರಿಸಿ. ದಪ್ಪದ್ದನ್ನು ಗ್ರಂಥಾಲಯದಿಂದ ತನ್ನಿ, ಅದೂ ಊರಿಗೆ ಮರಳಿದ ಮೇಲೆ. ಮಗಳು ಈಗ ಆ ಎರಡು ಪುಟದ ಚಿತ್ರ ಬಿಡಿಸಿಕೊಂಡು ಯಾವುದು ಸಹಾರಾದ್ದಲ್ಲ ಅಂತ ತಮ್ಮನಿಗೆ ತೋರಿಸುತ್ತಾಳೆ.