ಹವಾನಾದ ಮನೆ ಹೋಟೆಲುಗಳು: ಬೀದಿಯಲ್ಲಿ ಕರೆಯುವವರ ಹಿಂದೆ ಹೋಗಬೇಡಿ

ಕ್ಯೂಬಾಕ್ಕೆ ಹೋಗುವವರು ಇದನ್ನೊಮ್ಮೆ ಓದಿ. ಹವಾನಾಕ್ಕೆ ಹೋದಮೇಲೆ ಪಲದಾರ್‌ನಲ್ಲಿ ಊಟ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀದಿಯಲ್ಲಿ ಸಿಕ್ಕವನು ತೋರಿಸಿದ ಪಲದಾರ್‌ಗೆ ಮಾತ್ರ ಬೇಡ.

ಪಲದಾರ್ ಅಂದರೆ ಮನೆಯವರೇ ನಡೆಸುವ ಖಾಸಗಿ ಹೋಟೆಲು. 1990ರ ದಶಕದಲ್ಲಿ ಸರ್ಕಾರ ಇವಕ್ಕೆ ಅನುಮತಿ ಕೊಟ್ಟಾಗ 12 ಕುರ್ಚಿಗಿಂತ ಜಾಸ್ತಿ ಹಾಕುವಂತಿರಲಿಲ್ಲ. 2011ರಲ್ಲಿ ಆ ಮಿತಿ 50ಕ್ಕೆ ಏರಿತು. ಈಗ ಝಗಮಗ ಅನ್ನುವಂಥವೂ ಇವೆ. ಆದರೂ ಹಳೇ ಹವಾನಾದಲ್ಲಿ ಎಷ್ಟೋ ಪಲದಾರ್‌ಗಳು ಮಹಡಿ ಮೇಲಿನ ಮನೆಗಳಲ್ಲೇ ಇವೆ. ಕೆಳಗಿನಿಂದ ಗೊತ್ತೇ ಆಗುವುದಿಲ್ಲ. ದಲ್ಲಾಳಿಗಳಿಗೆ ಬೇಕಾಗಿರುವುದೂ ಅದೇ.

ಒಬಿಸ್ಪೊ ಬೀದಿಯಲ್ಲಿ ನಾವು ಒಂದು ಹೋಟೆಲಿನ ದಾರಿ ಕೇಳಿದೆವು. 'ಅದು ಇವತ್ತು ಬಾಗಿಲು ಹಾಕಿದೆ, ನಮ್ಮ ಅಕ್ಕನ ಮನೆ ಇಲ್ಲೇ ಇದೆ ಬನ್ನಿ' ಅಂದ ಒಬ್ಬ. ಆಮೇಲೆ ನೋಡಿದರೆ ಆ ಹೋಟೆಲು ತೆರೆದೇ ಇತ್ತು, ಆ ಮಾತು ಬಿಡಿ. ಕತ್ತಲೆ ಮೆಟ್ಟಿಲು ಹತ್ತಿದರೆ ನಡುಮನೆಯಲ್ಲಿ ನಾಲ್ಕು ಮೇಜು, ಮೂಲೆಯಲ್ಲಿ ಅಜ್ಜಿಯೊಬ್ಬರು ಟೀವಿ ನೋಡುತ್ತಿದ್ದರು. ಮೆನು ಕೊಟ್ಟರು. ಆದರೆ ಅದನ್ನು ತೆರೆಯುವ ಮೊದಲೇ 'ಇವತ್ತು ಲಾಬ್‌ಸ್ಟರ್ ಫ್ರೆಶ್ ಇದೆ' ಅಂತ ಶುರು. ಲಾಬ್‌ಸ್ಟರ್ ಮೆನುವಿನಲ್ಲೇ ಇರಲಿಲ್ಲ, ಹಾಗಾಗಿ ಬೆಲೆಯೂ ಇಲ್ಲ. ಕೇಳದೆಯೇ ಬ್ರೆಡ್ಡು, ಬೆಣ್ಣೆ, ಸಲಾಡ್ ಬಂದವು.

ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಿಲ್ಲು ಬಂತು ನೋಡಿ! ಹರಿದ ನೋಟ್‌ಬುಕ್ ಹಾಳೆಯಲ್ಲಿ ಡಾಲರಿನಲ್ಲಿ ಒಂದೇ ಒಂದು ಮೊತ್ತ. ಬಿಡಿಬಿಡಿಯಾಗಿ ಬರೆಯಿರಿ ಅಂದಾಗ ಬ್ರೆಡ್ಡಿಗೂ ಬೆಣ್ಣೆಗೂ ಬೇರೆ ಬೇರೆ ದುಡ್ಡು, ಮೇಲೆ 10 ಪರ್ಸೆಂಟ್ ಸರ್ವೀಸ್. ಅಲ್ಲಿನ ಹಣವಾದ ಪೆಸೊದಲ್ಲಿದ್ದ ಬೆಲೆಗಳನ್ನು ಡಾಲರಿಗೆ 120ರಂತೆ ಲೆಕ್ಕ ಹಾಕಿದ್ದರು. ಆಗ ಸರ್ಕಾರಿ ದರ ಅಷ್ಟೇ ಇತ್ತು. ಆದರೆ ಊರಿನ ಬೇರೆ ಪಲದಾರ್‌ಗಳು ಡಾಲರಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಪೆಸೊ ಹಿಡಿಯುತ್ತಿದ್ದವು. ಅಂದರೆ ಅದೇ ತಟ್ಟೆಗೆ ನಾವು ಕೊಟ್ಟದ್ದು ದುಪ್ಪಟ್ಟಿಗೂ ಮೇಲೆ. ವಾದ ಮಾಡಿದ್ದಕ್ಕೆ ಸಲಾಡಿನ ದುಡ್ಡು ಮಾತ್ರ ಬಿಟ್ಟರು. ಕರೆತಂದವನು ತನ್ನ ಪಾಲಿಗಾಗಿ ಇನ್ನೂ ಮೆಟ್ಟಿಲ ಹತ್ತಿರವೇ ನಿಂತಿದ್ದ.

ಅವನಿಗೆ ತಲೆಗಿಷ್ಟು ಅಂತ ಕಮಿಷನ್ ಸಿಗುತ್ತದೆ. ಅದನ್ನು ಮನೆಯವರು ತಮ್ಮ ಜೇಬಿನಿಂದ ಕೊಡ್ತಾರಾ? ನಮ್ಮ ಬಿಲ್ಲಿಗೇ ಸೇರಿಸುತ್ತಾರೆ, ಅಷ್ಟೇ. ಅವರದ್ದೂ ಕಷ್ಟದ ಬದುಕು, ಒಪ್ಪುತ್ತೇನೆ. ಬೆಲೆ ಮೊದಲೇ ಹೇಳಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನೀವು ಉಳಿದುಕೊಂಡ ಮನೆಯವರನ್ನು ಕೇಳಿ ಜಾಗ ಗೊತ್ತು ಮಾಡಿಕೊಳ್ಳಿ, ದಲ್ಲಾಳಿ ಇಲ್ಲದೆ ನೀವೇ ನಡೆದು ಹೋಗಿ. ಅವರಿಗೂ ಕೆಲವೊಮ್ಮೆ ಕಮಿಷನ್ ಇರುತ್ತದೆ. ಆದರೆ ಬೆಳಿಗ್ಗೆ ಮತ್ತೆ ನಿಮ್ಮ ಮುಖ ನೋಡಬೇಕಲ್ವಾ, ಅಷ್ಟು ಸುಲಿಯುವುದಿಲ್ಲ. ಬಾಯಲ್ಲಿ ಹೇಳಿದ ಸ್ಪೆಷಲ್ಲಿಗೆ ಬೆಲೆ ಬರೆಸಿಕೊಳ್ಳಿ. ಡಾಲರಿಗೆ ಎಷ್ಟು ಪೆಸೊ ಹಿಡಿಯುತ್ತೀರಿ ಅಂತ ಕೂರುವ ಮೊದಲೇ ಕೇಳಿ. ಸಸ್ಯಾಹಾರಿಗಳು ಕಾಳು ಹಾಕಿದ ಅನ್ನ ಅಂತ ಸುಮ್ನೆ ನಂಬಬೇಡಿ, ಅದಕ್ಕೂ ಹಂದಿ ಕೊಬ್ಬು ಹಾಕುವುದುಂಟು. ಅಮೆರಿಕದ ಬ್ಯಾಂಕುಗಳ ಕಾರ್ಡು ಅಲ್ಲಿ ನಡೆಯುವುದಿಲ್ಲ. ನಗದು ಇಟ್ಟುಕೊಳ್ಳಿ, ಅದೂ ಚಿಕ್ಕ ಚಿಕ್ಕ ನೋಟು. ದೊಡ್ಡ ನೋಟು ಕೊಟ್ಟರೆ ಚಿಲ್ಲರೆ ಇಲ್ಲ ಅನ್ನುತ್ತಾರೆ.